ಬೋರ್‌ವೆಲ್ ನೀರು ಕುದಿಸಿ ಕುಡಿದರೆ ಸಾಕಾ?

ಪ್ರಶ್ನೆ: ಡಾಕ್ಟರಮ್ಮ, ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಬೋರ್‌ವೆಲ್ ನೀರೇ ಗತಿ. ಒಂಬತ್ತು ವರ್ಷದ ಮಗಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಬಂದಿವೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಅತ್ತೆಗೆ ಸೊಂಟ ಹಿಡಿದುಕೊಂಡು ಬಗ್ಗಲು ಆಗುವುದಿಲ್ಲ. ನೀರಿನಲ್ಲಿ ಫ್ಲೋರೈಡ್ ಇದೆ ಅನ್ನುತ್ತಾರೆ. ಅದಕ್ಕೇ ಎಲ್ಲರಿಗೂ ಚೆನ್ನಾಗಿ ಕುದಿಸಿ ಕೊಡುತ್ತೇನೆ. ನಾನಂತೂ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇನೆ. ಕಡಲೆಕಾಯಿ ಹೊಲಕ್ಕೆ ಕೂಲಿಗೆ ಹೋದರೆ ಮಧ್ಯಾಹ್ನದವರೆಗೂ ಒಂದು ಚೊಂಬು ನೀರು, ಅಷ್ಟೇ. ಈಗ ಉರಿಮೂತ್ರ ಶುರುವಾಗಿದೆ. ಮಗನಿಗೆ ಎರಡು ವರ್ಷ. ಅವನ ಹಲ್ಲೂ ಹೀಗೇ ಆಗುತ್ತದಾ?
– ಒಬ್ಬ ತಾಯಿ, ಪಾವಗಡ ತಾಲ್ಲೂಕು

ಉತ್ತರ: ಮಗನಿಂದಲೇ ಶುರು ಮಾಡುತ್ತೇನಮ್ಮ. ಅವನ ಹಲ್ಲುಗಳನ್ನು ಈಗಲೂ ಉಳಿಸಬಹುದು. ಶಾಶ್ವತ ಹಲ್ಲುಗಳು ಹುಟ್ಟುವ ಮೊದಲು ದವಡೆಯೊಳಗೆ ಬೆಳೆಯುತ್ತಿರುತ್ತವೆ. ಸುಮಾರು ಎಂಟು ವರ್ಷದವರೆಗೂ ಆ ಕೆಲಸ ನಡೆಯುತ್ತದೆ. ಆ ವಯಸ್ಸಿನಲ್ಲಿ ಹೊಟ್ಟೆಗೆ ಹೋದ ಫ್ಲೋರೈಡ್ ಆಮೇಲೆ ಹಲ್ಲಿನ ಮೇಲೆ ಕಾಣುತ್ತದೆ. ಹಾಗಾಗಿ ಅವನ ನೀರನ್ನು ಇವತ್ತೇ ಬದಲಾಯಿಸಿ. ಮಗಳ ಗೆರೆಗಳು ಹಲ್ಲಿನೊಳಗೇ ಕೂತಿವೆ, ಉಜ್ಜಿದರೆ ಹೋಗುವುದಿಲ್ಲ. ಜೋರಾಗಿ ಉಜ್ಜಿಸಬೇಡಿ, ಮಗುವಿಗೆ ಬೈಯಲೂ ಬೇಡಿ. ಹಲ್ಲಿನ ವೈದ್ಯರು ಅವನ್ನು ಮರೆಮಾಡಿಕೊಡಬಲ್ಲರು.

ಕುದಿಸುವುದರಿಂದ ರೋಗಾಣು ಸಾಯುತ್ತವೆ. ಫ್ಲೋರೈಡ್ ಲವಣ, ಅದು ಆವಿಯಾಗಿ ಹೋಗುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಹತ್ತು ಲೀಟರ್ ನೀರನ್ನು ಕುದಿಸಿ ಎಂಟು ಲೀಟರ್ ಉಳಿಸಿದರೆ, ಅದು ಲೀಟರಿಗೆ 2.5 ಮಿಲಿಗ್ರಾಂ ಆಗುತ್ತದೆ. ಸೌದೆ ಖರ್ಚು ಮಾಡಿ, ಹೊಗೆ ಕುಡಿದು, ನೀರನ್ನು ಇನ್ನಷ್ಟು ಕೆಡಿಸಿಕೊಂಡ ಹಾಗಾಯಿತು. ಬಟ್ಟೆಯಲ್ಲಿ ಸೋಸಿದರೂ ಕ್ಯಾಂಡಲ್ ಫಿಲ್ಟರ್‌ಗೆ ಹಾಕಿದರೂ ಅದು ಹೋಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸುವವರು ಬಂದರೂ ನಂಬಬೇಡಿ. ಅದು ಒಟ್ಟು ಲವಣದ ಅಂದಾಜು ಕೊಡುತ್ತದೆ, ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ.

ನನ್ನ ಮೊದಲ ಕೆಲಸ ನಿಮ್ಮ ಕಡೆಯ ಆರೋಗ್ಯ ಕೇಂದ್ರದಲ್ಲೇ. ಒಬ್ಬ ಅಜ್ಜ ಬರುತ್ತಿದ್ದರು. ನಾನು ಪಕ್ಕದಿಂದ ಕರೆದರೆ ಕತ್ತು ತಿರುಗುತ್ತಿರಲಿಲ್ಲ, ಕಾಲು ಎತ್ತಿಟ್ಟು ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಅವರಿಗೆ ಎಷ್ಟೋ ತಿಂಗಳು ಬರೀ ನೋವಿನ ಮಾತ್ರೆ ಬರೆದುಕೊಟ್ಟೆ. ಕುಡಿಯುವ ನೀರು ಎಲ್ಲಿಂದ ಅಂತ ಕೇಳಲೇ ಇಲ್ಲ. ಆ ಬೇಸರ ಈಗಲೂ ಇದೆ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ, ನೀರಿನ ಫ್ಲೋರೈಡ್ ಮೂಳೆಗೆ ಸೇರಿ ಸೆಟೆದುಕೊಂಡ ಇಂಥ ಬೆನ್ನುಗಳನ್ನು ವೈದ್ಯರು ಗುರುತಿಸಿ ಬರೆದದ್ದು 1937ರಲ್ಲೇ. ಮೂಳೆಗೆ ಸೇರಿದ್ದನ್ನು ಪೂರ್ತಿ ಹೊರಗೆ ತೆಗೆಯುವ ಔಷಧಿ ಇಲ್ಲ. ಆದರೆ ನೀರು ಬದಲಾದರೆ ಹೊಸದಾಗಿ ಸೇರುವುದು ನಿಲ್ಲುತ್ತದೆ, ಕೆಲವರಿಗೆ ನೋವೂ ತಗ್ಗುತ್ತದೆ. ಸೊಂಟ ನೋವಿಗೆ ಬೇರೆ ಕಾರಣವೂ ಇರಬಹುದು ಅಲ್ವಾ? ಅತ್ತೆಯವರಿಗೆ ಒಂದು ಎಕ್ಸ್‌ರೇ ಮಾಡಿಸಿ, ಯಾವ ನೀರು ಕುಡಿಯುತ್ತಾರೆ ಅಂತ ವೈದ್ಯರಿಗೆ ನೀವೇ ಹೇಳಿ.

ಈಗ ಮಾಡಬೇಕಾದ್ದು. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಕೇಳಿ. ಜಲಜೀವನ್ ಮಿಷನ್ ಬಂದಮೇಲೆ ಅದನ್ನು ಬಳಸಲು ಊರಿನ ಹೆಂಗಸರಿಗೇ ತರಬೇತಿ ಕೊಡುತ್ತಿದ್ದಾರೆ. ಸರಿಯಾದ ಅಂಕಿ ಬೇಕೆಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಬಾಟಲಿ ಕಳಿಸಿ. ನಮ್ಮ ದೇಶದ ಮಾನಕ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ನಡೆಯುತ್ತದೆ.

ಹತ್ತಿರದಲ್ಲಿ ಶುದ್ಧ ನೀರಿನ ಘಟಕ ಇದ್ದರೆ, ಅಲ್ಲಿನ ಆರ್‌ಒ ಯಂತ್ರ ಸರಿಯಾಗಿದ್ದರೆ, ಫ್ಲೋರೈಡ್ ಹೋಗುತ್ತದೆ. ಅದರೊಳಗೆ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಯಾವಾಗ ಬದಲಾಯಿಸಿದರು ಅಂತ ಕೇಳಿ. ಆ ನೀರನ್ನೂ ಕಿಟ್‌ನಲ್ಲಿ ಪರೀಕ್ಷಿಸಿ. ಎಷ್ಟೋ ಮನೆಗಳಲ್ಲಿ ಫಿಲ್ಟರ್ ನೀರು ಕುಡಿಯಲು ಮಾತ್ರ, ಅಡುಗೆ ಬೋರ್ ನೀರಿನಲ್ಲೇ. ಮುದ್ದೆ, ಅನ್ನ, ಸಾರು ಎಲ್ಲ ಆ ನೀರನ್ನೇ ಹೀರುತ್ತವೆ. ಕುಡಿಯಲು ಮತ್ತು ಅಡುಗೆಗೆ ಐದು ಜನಕ್ಕೆ ದಿನಕ್ಕೊಂದು 20 ಲೀಟರ್ ಕ್ಯಾನ್ ಬೇಕಾಗುತ್ತದೆ. ಬಟ್ಟೆ, ಪಾತ್ರೆ, ಸ್ನಾನಕ್ಕೆ ಬೋರ್ ನೀರು ಪರವಾಗಿಲ್ಲ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಬೇಗ ಕೆಡುತ್ತದೆ. ಕ್ಯಾನ್ ಒಳಗೆ ಪಾಚಿ ಕಟ್ಟದಂತೆ ತೊಳೆಯಿರಿ, ಬಿಸಿಲಿಗೆ ಇಡಬೇಡಿ, ಕೊಡಕ್ಕೆ ಸುರಿದರೆ ಉದ್ದ ಹಿಡಿಯ ಸೌಟಿನಿಂದಲೇ ತೆಗೆಯಿರಿ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 30 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 300 ಲೀಟರ್. ಸ್ವಲ್ಪ ಪೋಲಾದರೂ ಹತ್ತಕ್ಕಿಂತ ಜಾಸ್ತಿ ಕ್ಯಾನ್ ಆಯಿತು! ಮೊದಲ ನೀರು ಹರಿದುಹೋಗಲಿ, ಆಮೇಲಿನದನ್ನು ಮುಚ್ಚಿದ ತೊಟ್ಟಿಗೆ ಬಿಡಿ. ಈ ನೀರನ್ನು ಮಾತ್ರ ಕುದಿಸಿ. ನಿಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ನೀವು. ನೀರು ಕಡಿಮೆ ಮಾಡಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆಯ ವಿಷಯ. ಮೂತ್ರ ಗಟ್ಟಿಯಾದರೆ ಸೋಂಕು, ಕಲ್ಲು ಎರಡೂ ಬರಬಹುದು. ಉರಿಮೂತ್ರಕ್ಕೆ ಬರೀ ನೀರು ಕುಡಿದು ಕಾಯಬೇಡಿ, ಈ ವಾರವೇ ಮೂತ್ರ ಪರೀಕ್ಷೆ ಮಾಡಿಸಿ. ಜ್ವರ, ಚಳಿ, ಪಕ್ಕೆ ನೋವು ಬಂದರೆ ಅವತ್ತೇ ಹೋಗಿ. ಹೊಲಕ್ಕೆ ಐದು ಲೀಟರ್ ಒಳ್ಳೆಯ ನೀರು ಹೊತ್ತುಕೊಂಡು ಹೋಗಿ. ಬಿಸಿಲಿನಲ್ಲಿ ಕಳೆ ಕೀಳುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಿರಿ, ಬಾಯಾರುವವರೆಗೆ ಕಾಯಬೇಡಿ. ಬುತ್ತಿಯ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇರಲಿ, ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ ಅಂತ. ಡಿಕಾಕ್ಷನ್ ಬಣ್ಣ ಬಂದರೆ ನೆರಳಿಗೆ ಬಂದು ಕೂತು ಕುಡಿಯಿರಿ. ಹೆಂಗಸರು ಮರೆ ಇಲ್ಲ ಅಂತ ನೀರೇ ಬಿಡುವುದು ನನಗೆ ಗೊತ್ತು. ನಾಲ್ಕು ಜನ ಸೇರಿ ಹೊಲದ ಮೂಲೆಗೆ ಒಂದು ಹಳೆ ಸೀರೆ ಕಟ್ಟಿಕೊಳ್ಳಿ.

ಮಗನಿಗೆ ರಾಗಿ, ಹಾಲು, ನುಗ್ಗೆಸೊಪ್ಪು ಕೊಡಿ. ಅವುಗಳ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಫ್ಲೋರೈಡನ್ನು ಸ್ವಲ್ಪ ಹಿಡಿದಿಡುತ್ತದೆ. ಟೀ ಬೇಡ, ಅದರ ಎಲೆಯಲ್ಲೂ ಫ್ಲೋರೈಡ್ ಇದೆ. ಪೇಸ್ಟ್ ನುಂಗುವ ವಯಸ್ಸು, ಸದ್ಯಕ್ಕೆ ಬರೀ ಬ್ರಷ್ ಸಾಕು. ಪರೀಕ್ಷೆಯ ಅಂಕಿ ಬಂದ ಕೂಡಲೇ ನನಗೆ ಬರೆಯಿರಿ.