ಹಬ್ಬದ ಬೆಳಗಿನ ಗಡಿಬಿಡಿ

ಪ್ರಶ್ನೆ: ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ನಸುಕಿನಲ್ಲೇ ಎದ್ದರೂ ಪೂಜೆಯ ಹೊತ್ತಿಗೆ ಕೆಲಸ ಮುಗಿಯದೆ ಮಕ್ಕಳ ಮೇಲೆ ರೇಗಿಬಿಡುತ್ತೇನೆ. ಹಿಂದಿನ ರಾತ್ರಿ ಬೇಯಿಸಿಟ್ಟದ್ದು ನೈವೇದ್ಯಕ್ಕೆ ಆಗದು ಎಂಬುದು ಅತ್ತೆಯವರ ನಿಯಮ. ಸಮಾಧಾನದಿಂದ ನಿಭಾಯಿಸುವ ದಾರಿಯುಂಟೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅತ್ತೆಯವರ ನಿಯಮವನ್ನು ಮೀರದೆಯೇ ದಾರಿಯುಂಟು. ಅವರ ನಿಷೇಧ ಬೇಯಿಸಿದ್ದಕ್ಕೆ ಮಾತ್ರವಾದ್ದರಿಂದ ಬೆಲ್ಲ ಕುಟ್ಟುವುದು, ಏಲಕ್ಕಿ ಪುಡಿ ಮಾಡುವುದು, ಬೇಳೆ ಆರಿಸುವುದು, ಕಳಶಕ್ಕೆ ಉಡಿಸುವ ಸೀರೆಗೆ ನೆರಿಗೆ ಹಿಡಿದು ಪಿನ್ನು ಹಾಕಿಡುವುದು, ಇವೆಲ್ಲ ಗುರುವಾರ ರಾತ್ರಿಯೇ ಮುಗಿಯಲಿ.

ಶುಕ್ರವಾರದ ರಾಹುಕಾಲ ರೂಢಿಯಂತೆ ಬೆಳಿಗ್ಗೆ 10.30ರಿಂದ 12 ಗಂಟೆಯವರೆಗೆ ಇರುವುದರಿಂದ ಅನೇಕ ಮನೆಗಳಲ್ಲಿ ಪೂಜೆಯನ್ನು ಅದಕ್ಕೆ ಮೊದಲೇ ಮುಗಿಸುತ್ತಾರೆ. ಅಷ್ಟರೊಳಗೆ ಊಟಕ್ಕೆ ಬೇಕಾದ ಹೋಳಿಗೆಯೆಲ್ಲ ಬೆಂದಿರಬೇಕೆಂಬ ಹಟವೇ ಗಡಿಬಿಡಿಯ ಮೂಲವೆಂದು ನನ್ನ ಅಭಿಪ್ರಾಯ. ನೈವೇದ್ಯಕ್ಕೆ ಐದು ಹೋಳಿಗೆ ಸಾಕು; ಉಳಿದವನ್ನು ಪೂಜೆಯಾದ ಮೇಲೆ ಬೇಯಿಸಿದರೆ ಊಟಕ್ಕೆ ಬಿಸಿಯಾಗಿಯೂ ಇರುತ್ತವೆ.

ಕಣಕ ಎರಡು ಗಂಟೆಯಾದರೂ ನೆನೆಯಬೇಕಾದ್ದರಿಂದ ಸ್ನಾನವಾದೊಡನೆ ಮೊದಲು ಅದನ್ನು ಕಲಸಿ ಎಣ್ಣೆ ಸವರಿ ಮುಚ್ಚಿಡಿ, ಆಮೇಲೆ ಕಡಲೆಬೇಳೆಯನ್ನು ಒಲೆಗಿಡಿ. ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೆಂದು, ಕಾಳಿನ ಆಕಾರ ಇನ್ನೂ ಉಳಿದಿರುವಾಗ ಇಳಿಸಿ, ನೀರನ್ನು ಪೂರ್ತಿ ಬಸಿಯಿರಿ. ಇಲ್ಲಿ ಅವಸರ ಮಾಡಿದರೆ ಬೆಲ್ಲ ಬೀಳುತ್ತಲೇ ಹೂರಣ ಸಡಿಲವಾಗಿ, ತಟ್ಟುವಾಗ ಹೋಳಿಗೆ ಹರಿದು, ಆ ಸಿಟ್ಟು ಎದುರಿಗಿದ್ದವರ ಮೇಲೆ ತಿರುಗುತ್ತದೆ. ಬಸಿದ ಕಟ್ಟು ಸಾರಿಗಿರಲಿ. ಕೋಸಂಬರಿಗೆ ಉಪ್ಪನ್ನು ಕೊನೆಯಲ್ಲಿ ಬೆರೆಸಿ, ಇಲ್ಲವಾದರೆ ಸೌತೆಕಾಯಿ ನೀರು ಬಿಡುತ್ತದೆ.

ಮನೆಯವರಿಗೆ "ಸ್ವಲ್ಪ ಕೈಜೋಡಿಸಿ" ಎಂದರೆ ಪ್ರತಿಯೊಂದಕ್ಕೂ ನಿಮ್ಮನ್ನೇ ಕೇಳಲು ಬರುತ್ತಾರೆ. ಅದರ ಬದಲು ಒಂದು ಕೆಲಸವನ್ನು ಪೂರ್ತಿಯಾಗಿ ಒಬ್ಬರಿಗೆ ಒಪ್ಪಿಸಿ: ಮಾವಿನೆಲೆ ತಂದು ತೋರಣ ಕಟ್ಟುವುದು ಯಜಮಾನರದು, ಹೊಸ್ತಿಲ ರಂಗೋಲಿ ಮಕ್ಕಳದು, ಸಂಜೆಯ ಮುತ್ತೈದೆಯರಿಗಾಗಿ ವೀಳ್ಯದೆಲೆ, ಅಡಿಕೆ, ಅರಿಸಿನ, ಕುಂಕುಮ, ಬಳೆ, ರವಿಕೆ ಕಣಗಳನ್ನು ಜೋಡಿಸಿಡುವುದು ಅತ್ತೆಯವರದು. ರಂಗೋಲಿಯ ಗೆರೆ ಸೊಟ್ಟಗಿದ್ದರೂ ತಿದ್ದಲು ಹೋಗಬೇಡಿ. ಒಪ್ಪಿಸಿದ ಕೆಲಸಕ್ಕೆ ಮತ್ತೆ ಕೈಹಾಕಿದರೆ ಮುಂದಿನ ವರ್ಷ ಯಾರೂ ಮುಂದೆ ಬರುವುದಿಲ್ಲ.

ಮಕ್ಕಳಿಗೆ ಬೆಳಿಗ್ಗೆಯೇ ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ಕೊಟ್ಟುಬಿಡಿ. ನೀವು ಪೂಜೆಯವರೆಗೆ ಉಪವಾಸವಿರುವವರಾದರೆ ನಡುವೆ ಹಾಲು, ಹಣ್ಣು ತೆಗೆದುಕೊಳ್ಳಲು ನಿಮ್ಮ ಪದ್ಧತಿಯಲ್ಲಿ ಅವಕಾಶವಿದೆಯೇ ಎಂದು ಅತ್ತೆಯವರನ್ನು ಕೇಳಿ, ಏಕೆಂದರೆ ಹಸಿದ ಹೊಟ್ಟೆಗೆ ಸಹನೆ ಕಡಿಮೆ. ಈ ಮಾತನ್ನೂ, ನೈವೇದ್ಯಕ್ಕೆ ಏನೇನು ಬೇಕೆಂಬುದನ್ನೂ ಬುಧವಾರವೇ ಅವರೊಡನೆ ಕುಳಿತು ಮಾತಾಡಿಕೊಳ್ಳಿ.