ಇನ್ನೂ ನಡೆಯದ ಅಪರಾಧಕ್ಕೆ ಪೊಲೀಸರು ಸರ್ಚ್ ವಾರಂಟ್ ತರಬಹುದಾ?

ಅಮೆರಿಕದಲ್ಲಿ ಮುಂದೆ ನಡೆಯಲಿರುವ ಅಪರಾಧಕ್ಕೂ ಸರ್ಚ್ ವಾರಂಟ್ ಕೊಡ್ತಾರಂತೆ, ನಿಜವಾ, ಪೊಲೀಸರಿಗೆ ಅದು ಯಾಕೆ ಬೇಕು ಅಂತ ಕೇಳಿದ್ದೀರಿ. ನಿಜ, ಕೊಡುತ್ತಾರೆ. ನಾನು ಜಿಲ್ಲಾ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಈ ವಿಷಯ ನನ್ನನ್ನು ತುಂಬಾ ಕಾಡಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಗ್ರಬ್ಸ್ ಪ್ರಕರಣದಲ್ಲಿ ಇದನ್ನು ಒಪ್ಪಿತು. ಒಬ್ಬ ವ್ಯಕ್ತಿ ಮಕ್ಕಳ ಅಶ್ಲೀಲ ವಿಡಿಯೊ ಕ್ಯಾಸೆಟ್‌ಗೆ ಆರ್ಡರ್ ಕೊಟ್ಟಿದ್ದ. ಆ ವೆಬ್‌ಸೈಟ್ ನಡೆಸುತ್ತಿದ್ದದ್ದು ವೇಷ ಮರೆಸಿಕೊಂಡ ಅಂಚೆ ಇಲಾಖೆಯ ತನಿಖಾಧಿಕಾರಿ. ಪಾರ್ಸೆಲ್ ಮನೆ ತಲುಪುವ ಮೊದಲೇ ವಾರಂಟ್ ಪಡೆದರು. ಆದರೆ ಪಾರ್ಸೆಲ್ ಮನೆಯೊಳಗೆ ಹೋದ ಮೇಲೆಯೇ ಹುಡುಕುತ್ತೇವೆ ಅಂತ ಅರ್ಜಿಯಲ್ಲಿ ಬರೆದುಕೊಟ್ಟಿದ್ದರು. ಕೋರ್ಟ್ ಎರಡು ವಿಷಯ ಕೇಳಿತು. ಆ ಘಟನೆ ನಡೆದೇ ನಡೆಯುತ್ತದೆ ಅಂತ ನಂಬಲು ಕಾರಣ ಇದೆಯಾ? ನಡೆದರೆ ಆ ಮನೆಯಲ್ಲಿ ವಸ್ತು ಸಿಗುವ ಸಾಧ್ಯತೆ ಇದೆಯಾ? ಎರಡೂ ಇದ್ದರೆ ವಾರಂಟ್ ಸರಿ ಎಂದಿತು. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಪಾರ್ಸೆಲ್ ಕಣ್ಣೆದುರು ಇದೆ, ದಾರಿಯೂ ಗೊತ್ತಿದೆ.

ನನಗೆ ಭಯವಾಗುವುದು ಟೆಕ್ಸಾಸ್‌ನ ಇನ್ನೊಂದು ಕೇಸಿನಿಂದ. 2010ರಲ್ಲಿ ಅಲ್ಲಿನ ಪಾರ್ಕರ್ ಕೌಂಟಿಯಲ್ಲಿ ಪೊಲೀಸರು ಒಂದು ಮನೆಯ ಮೇಲೆ ಸುಮಾರು ಒಂದು ತಿಂಗಳು ಕಣ್ಣಿಟ್ಟಿದ್ದರು. ಇವತ್ತು ರಾತ್ರಿ ಅಲ್ಲಿ ಮೆಥ್ (ಮೆಥಾಂಫೆಟಮೈನ್ ಎಂಬ ಮಾದಕ ವಸ್ತು) ತಯಾರಿಸ್ತಾರೆ ಅಂತ ಬಾತ್ಮೀದಾರ ಹೇಳಿದ. ಪೊಲೀಸರು ವಾರಂಟ್ ಇಲ್ಲದೆಯೇ ನುಗ್ಗಿ, ಮನೆಯಲ್ಲಿದ್ದವರಿಗೆಲ್ಲ ಕೋಳ ಹಾಕಿ ಹೊರಗೆ ನಿಲ್ಲಿಸಿದರು. ಆಮೇಲೆ ವಾರಂಟ್‌ಗೆ ಅರ್ಜಿ ಬರೆದರು. ಅರ್ಜಿಯಲ್ಲಿ ಬಾತ್ಮೀದಾರನ ಮಾತಿತ್ತು, ತಾವು ಆಗಲೇ ಒಳಗೆ ಹೋಗಿಬಂದ ಮಾತು ಇರಲಿಲ್ಲ. 2013ರಲ್ಲಿ ರಾಜ್ಯದ ಕ್ರಿಮಿನಲ್ ಮೇಲ್ಮನವಿ ಕೋರ್ಟ್ ಆ ಮನೆಯಲ್ಲಿ ಸಿಕ್ಕ ಸಾಕ್ಷ್ಯವನ್ನು ಉಳಿಸಿಕೊಂಡಿತು. ವಾರಂಟ್‌ಗೆ ಆಧಾರ ಬಾತ್ಮೀದಾರನ ಮಾಹಿತಿ, ನುಗ್ಗಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಅನ್ನುವುದು ಅದರ ವಾದ. ನ್ಯಾಯಮೂರ್ತಿ ಲಾರೆನ್ಸ್ ಮೇಯರ್ಸ್ ಮಾತ್ರ ಒಪ್ಪಲಿಲ್ಲ. ಒಳಗಿದ್ದವರು ಕಪ್‌ಕೇಕ್ ಬೇಯಿಸುತ್ತಿದ್ದರೆ ಪೊಲೀಸರು ವಾರಂಟ್ ಕೇಳುತ್ತಲೇ ಇರಲಿಲ್ಲ ಅಂತ ಅವರು ಬರೆದರು. ನಾನು ಅವರ ಕಡೆಗೇ. ಒಳಗೆ ಏನಿದೆ ಅಂತ ನೋಡಿಕೊಂಡು ಬಂದು, ಒಳಗೆ ಏನಿರಬಹುದು ಅಂತ ಅರ್ಜಿ ಬರೆದರೆ ಮ್ಯಾಜಿಸ್ಟ್ರೇಟ್ ಸಹಿಗೆ ಬೆಲೆ ಎಲ್ಲಿ ಉಳಿಯಿತು?

ಪೊಲೀಸರ ಕಷ್ಟವೂ ಸಣ್ಣದಲ್ಲ. ಮೆಥ್ ಬೇಯಿಸುವ ಕಡೆ ಬೆಂಕಿ ಹೊತ್ತಿಕೊಳ್ಳಬಹುದು, ವಿಷದ ಹೊಗೆ ಏಳಬಹುದು. ಸುಳಿವು ಬರುವುದು ನಡುರಾತ್ರಿ. ಬಾತ್ಮೀದಾರನ ಹೆಸರು ಹೊರಗೆ ಬಂದರೆ ಅವನ ಜೀವಕ್ಕೇ ಅಪಾಯ. ತಡ ಮಾಡಿದರೆ ಮಾಲು ಮಾಯ. ಆದರೆ ಇದಕ್ಕೆಲ್ಲ ಅಲ್ಲೇ ದಾರಿ ಇದೆ. ಫೋನಿನಲ್ಲೇ ವಾರಂಟ್ ಪಡೆಯುವ ಅವಕಾಶ ಅಲ್ಲಿನ ಕೇಂದ್ರದ ನಿಯಮಗಳಲ್ಲಿ 1977ರಿಂದಲೇ ಇದೆ. ಟೆಕ್ಸಾಸ್ ಪೊಲೀಸರಿಗೆ ಕೇಂದ್ರದ ನಿಯಮ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೂ ಒಂದು ತಿಂಗಳು ಕಾದವರು ನುಗ್ಗುವ ಮೊದಲೇ ವಾರಂಟ್ ಕೇಳಬಹುದಿತ್ತು ಅಲ್ವಾ?

ನಮ್ಮಲ್ಲಿ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 'ಖಚಿತ ಮಾಹಿತಿ ಮೇರೆಗೆ ದಾಳಿ' ಅಂತ ಪೇಪರಿನಲ್ಲಿ ದಿನಾ ಓದುತ್ತೀರಿ. ತನಿಖೆಯ ನಡುವೆ ತುರ್ತು ಇದ್ದರೆ ಠಾಣಾಧಿಕಾರಿ ವಾರಂಟ್ ಇಲ್ಲದೆಯೇ ಹುಡುಕಬಹುದು. ಮೊದಲು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 165, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 185ನೇ ಕಲಂ. ಆದರೆ ಹುಡುಕುವ ಮೊದಲೇ ಕಾರಣ ಬರೆದಿಡಬೇಕು. ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. 2024ರ ಜುಲೈ 1ರಿಂದ ವಿಡಿಯೊ ಕೂಡ ಮಾಡಬೇಕು. ಇದನ್ನು ಮೀರಿದರೂ ಸಿಕ್ಕ ವಸ್ತು ಸಾಕ್ಷ್ಯವಾಗಿ ಉಳಿಯಬಹುದು. ಸುಪ್ರೀಂ ಕೋರ್ಟ್ 1973ರಲ್ಲಿ ಪೂರಣ್ ಮಲ್ ಪ್ರಕರಣದಲ್ಲಿ ಹಾಗೇ ಹೇಳಿದೆ. ಅಕ್ರಮವಾಗಿ ಸಿಕ್ಕ ಸಾಕ್ಷ್ಯವನ್ನು ಹೊರಗಿಡಿ ಅಂತ ವಾದಿಸಲು ಟೆಕ್ಸಾಸ್‌ನಲ್ಲಿ ಜಾಗವಾದರೂ ಇತ್ತು, ನಮಗೆ ಅದು ಇನ್ನೂ ಕಿರಿದು.

ಹೀಗಾಗಿ ಮನೆ ಹುಡುಕಿಸಿಕೊಂಡವರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು ಟೈಮ್. ಪೊಲೀಸರು ಒಳಗೆ ಬಂದದ್ದು ಎಷ್ಟು ಗಂಟೆಗೆ? ಪಂಚರು ಬಂದದ್ದು ಎಷ್ಟಕ್ಕೆ? ಕಾರಣ ಬರೆದ ದಾಖಲೆಯ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಂದ ಅರ್ಜಿ ಹಾಕಿ ಉಚಿತವಾಗಿ ಪಡೆಯಬಹುದು. ಅದನ್ನು ತರಿಸಿ, ಮಹಜರು ಮತ್ತು ವಿಡಿಯೊದ ಟೈಮ್ ಜೊತೆ ಇಟ್ಟು ನೋಡಿ. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಬರೆದದ್ದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.