ಮಂಗಳೂರಿಗೆ ಬರುತ್ತಿದ್ದೇವೆ, ಮಲೇರಿಯಾಕ್ಕೆ ಸೊಳ್ಳೆ ಪರದೆ, ಕಾಯಿಲ್ ಸಾಕಾ?

ಮಳೆಗಾಲದ ಹೊತ್ತಿಗೆ ಇಬ್ಬರು ಚಿಕ್ಕ ಮಕ್ಕಳ ಜೊತೆ ಮಂಗಳೂರಿಗೆ ಮನೆ ಬದಲಾಯಿಸುತ್ತಿದ್ದೇವೆ, ಅಲ್ಲಿ ಮಲೇರಿಯಾ ಜಾಸ್ತಿಯಂತೆ, ಊರಿನವರು ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ನಾನು ಇಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಸಾರ ಮಾಡುತ್ತಿರುವವಳು. ನಮ್ಮ ಮನೆಗೆ ಮಲೇರಿಯಾ ಮೂರು ಸಲ ಬಂದಿದೆ. ಒಂದು ಸಲ ಬಂದದ್ದು ನಮ್ಮ ತಪ್ಪಿನಿಂದಲೇ. ಅದನ್ನೇ ಮೊದಲು ಹೇಳುತ್ತೇನೆ.

ಒಂದು ಸಂಜೆ ನನ್ನ ಗಂಡನಿಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಆಮೇಲೆ ಮೈ ಸುಡುವ ಜ್ವರ, ಆಮೇಲೆ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಮರುದಿನ ಆರಾಮ, ಕೆಲಸಕ್ಕೂ ಹೋದರು. ಮೂರನೇ ದಿನ ಮತ್ತೆ ಅದೇ. ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಅಂತ ಬಂತು, ಅದು ಮಲೇರಿಯಾದ ಒಂದು ಬಗೆ. ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಬರೆದುಕೊಟ್ಟರು. ಐದನೇ ದಿನಕ್ಕೆ ಜ್ವರ ಪೂರ್ತಿ ಹೋಗಿತ್ತು. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ, ಇನ್ನು ಸುಮ್ನೆ ಯಾಕೆ ಅಂತ ಬಿಟ್ಟರು. ನಾನೂ ಒತ್ತಾಯ ಮಾಡಲಿಲ್ಲ. ಎರಡು ತಿಂಗಳಿಗೆ ಅದೇ ಚಳಿ ವಾಪಸ್ ಬಂತು.

ಬೇರೆ ಸೊಳ್ಳೆ ಕಚ್ಚಿತು ಅಂತಲೇ ನಾವು ಅಂದುಕೊಂಡಿದ್ದೆವು. ಡಾಕ್ಟರು ಬಿಡಿಸಿ ಹೇಳಿದರು. ವೈವಾಕ್ಸ್ ರೋಗಾಣು ರಕ್ತದಲ್ಲಿ ಸತ್ತರೂ ಲಿವರಿನಲ್ಲಿ ಮಲಗಿರುತ್ತದೆ, ತಿಂಗಳುಗಳ ಮೇಲೂ ಏಳಬಹುದು. ಕ್ಲೋರೋಕ್ವಿನ್ ಅದನ್ನು ಮುಟ್ಟುವುದಿಲ್ಲ, ಪ್ರೈಮಾಕ್ವಿನ್ನೇ ಬೇಕು. ಈಗ ನಮ್ಮಲ್ಲಿ ಯಾರಿಗೆ ಬಂದರೂ ಗೋಡೆಯ ಕ್ಯಾಲೆಂಡರಿನಲ್ಲಿ 14 ದಿನಕ್ಕೆ ಗುರುತು ಹಾಕುತ್ತೇನೆ. ಊಟ ಆದ ಮೇಲೆ ಮಾತ್ರೆ, ತಕ್ಷಣ ಒಂದು ಗೀಟು. ಆದರೆ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಲೇಬೇಡಿ. ಗರ್ಭಿಣಿಯರಿಗೆ, ವರ್ಷ ತುಂಬದ ಮಕ್ಕಳಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ. ಜಿ6ಪಿಡಿ ಅಂತ ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ ಇದೆ, ಅದರ ಕೊರತೆ ಇದ್ದವರಿಗೂ ಅಪಾಯ. ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಓಡಬೇಕು.

ಇನ್ನು ಸೊಳ್ಳೆಯ ವಿಷಯ. ಇಲ್ಲಿ ಯಾರನ್ನು ಕೇಳಿದರೂ ಚರಂಡಿ, ತೋಡು ತೋರಿಸುತ್ತಾರೆ. ಅಲ್ಲಿ ಸೊಳ್ಳೆ ಇರುವುದು ನಿಜ, ಆದರೆ ಪೇಟೆಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸೈ ಅನ್ನುವ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ಒಳ್ಳೆಯ ನೀರಿನಲ್ಲಿ. ತಾರಸಿ ಮೇಲಿನ ಟ್ಯಾಂಕು, ಬಾವಿ, ಕಟ್ಟಡ ಕಟ್ಟುವಲ್ಲಿ ಸ್ಲ್ಯಾಬಿಗೆ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಡ್ರಮ್ಮು. ಡೆಂಗಿಯ ಹೆದರಿಕೆಯಿಂದ ನಾವೆಲ್ಲ ಅಂಗಳದ ಗೆರಟೆ, ಹಳೇ ಟಯರು ಕವುಚಿ ಹಾಕುವುದು ಕಲಿತಿದ್ದೇವೆ. ಮೇಲಿನ ಟ್ಯಾಂಕು ಹತ್ತಿ ನೋಡುವವರು ಕಡಿಮೆ. ನಮ್ಮ ಟ್ಯಾಂಕಿನ ಮುಚ್ಚಳ ಒಡೆದು ಎಷ್ಟು ದಿನವಾಗಿತ್ತೋ ನಮಗೇ ಗೊತ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಮರಿಗಳು. ಅನಾಫಿಲಿಸ್ ಮರಿ ನೀರಿನ ಮೇಲೆ ಅಡ್ಡಕ್ಕೆ ಮಲಗಿರುತ್ತದೆ. ಬೇರೆ ಜಾತಿಯವು ತಲೆ ಕೆಳಗೆ ಮಾಡಿ ನೇತಾಡುತ್ತವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ಡ್ರಮ್ಮು, ಬಕೆಟ್ಟು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ, ಒಣಗಿಸಬೇಕು. ಬಾವಿಗೆ ಬಲೆ ಹಾಕಬೇಕು, ಗಪ್ಪಿ ಮೀನೂ ಬಿಡಬಹುದು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಪರದೆ ಬೇಕೇ ಬೇಕು. ಔಷಧ ಲೇಪಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕಾಯಿಲನ್ನೇ ನಂಬಿ ಕೂರಬೇಡಿ. ಈ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ, ಮಕ್ಕಳು ಪರದೆಯೊಳಗೆ ಹೋಗುವ ಮೊದಲೇ ಶುರುವಾಗಿರುತ್ತದೆ. ಕಿಟಕಿಗೆ ಜಾಲರಿ ಹಾಕಿಸಿ, ಸಂಜೆ ತುಂಬು ತೋಳಿನ ಅಂಗಿ ಹಾಕಿ. ನನ್ನ ಅತ್ತೆ ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತಿದ್ದರು. ನನಗೆ ಆ ವಾಸನೆ ಈಗಲೂ ಇಷ್ಟ, ಆದರೆ ಅದು ಪರದೆಯ ಕೆಲಸ ಮಾಡುವುದಿಲ್ಲ.

ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಮಳೆಯಲ್ಲಿ ನೆನೆದದ್ದಕ್ಕೆ ಅಂತ ಪ್ಯಾರಸಿಟಮಾಲ್ ನುಂಗಿ, ಕಿರಾತಕಡ್ಡಿ ಕಷಾಯ ಕುಡಿದು ಮೂರು ದಿನ ಕಾಯುವುದು ಇಲ್ಲಿ ಬಹಳ ಮನೆಗಳ ರೂಢಿ. ವೈವಾಕ್ಸ್ ಅಲ್ಲದೆ ಫಾಲ್ಸಿಪರಂ ಅನ್ನುವ ಹೆಚ್ಚು ಅಪಾಯದ ಬಗೆ ಆಗಿದ್ದರೆ, ಅದರಲ್ಲೂ ಮಕ್ಕಳಿಗೆ, ಆ ಮೂರು ದಿನ ಜೀವಕ್ಕೇ ಕುತ್ತು ತರಬಹುದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಮೊದಲ ಸಲ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಮತ್ತೆ ಮಾಡಿಸಿ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಇಲ್ಲಿ ಕಟ್ಟಡದ ಕೆಲಸಕ್ಕೆ ದೂರದ ಊರುಗಳಿಂದ ಬಂದವರನ್ನು "ಅವರೇ ಮಲೇರಿಯಾ ತರುವುದು" ಅಂತ ಬೈಯುವವರಿದ್ದಾರೆ. ನಮ್ಮ ಪಕ್ಕದ ಸೈಟಿನಲ್ಲಿ ಅವರು ಬಾಗಿಲಿಲ್ಲದ ಶೆಡ್ಡಿನಲ್ಲಿ, ನಿಂತ ನೀರಿನ ಪಕ್ಕದಲ್ಲೇ ಮಲಗುತ್ತಿದ್ದರು. ಜ್ವರ ಅಂತ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಅಲ್ಲಿನ ಒಬ್ಬ ಹುಡುಗನನ್ನು ನಾವೇ ಪರೀಕ್ಷೆಗೆ ಕರೆದುಕೊಂಡು ಹೋದೆವು, 14 ದಿನವೂ ಮಾತ್ರೆ ಆಯ್ತಾ ಅಂತ ಕಾಂಪೌಂಡ್ ಮೇಲಿಂದ ಕೇಳುತ್ತಿದ್ದೆ. ಅವನ ರಕ್ತದಲ್ಲಿ ರೋಗಾಣು ಉಳಿದರೆ ಅವನನ್ನು ಕಚ್ಚಿದ ಸೊಳ್ಳೆ ನಮ್ಮ ಮಕ್ಕಳನ್ನೂ ಕಚ್ಚುತ್ತದೆ, ಅಲ್ವಾ?

ಮನೆ ನೋಡಲು ಬಂದಾಗ ಅಡ್ವಾನ್ಸ್ ಕೊಡುವ ಮೊದಲು ತಾರಸಿಗೆ ಹತ್ತಿ ಟ್ಯಾಂಕಿನ ಮುಚ್ಚಳ ನೋಡಿ. ಹಾಗೇ ಮೇಲಿಂದ ಅಕ್ಕಪಕ್ಕದಲ್ಲಿ ಎಲ್ಲಿ ಕಟ್ಟಡ ಏಳುತ್ತಿದೆ ಅಂತಲೂ ಒಮ್ಮೆ ಕಣ್ಣು ಹಾಯಿಸಿ.